ಮುದಿ ಕುದುರೆ ದಿನೇದಿನೇ ಇಳಿಯುತ್ತಿದೆ, ಹಾಕಿದ ಮೇವು ಎಲ್ಲಿ ಹೋಗುತ್ತಿದೆ?

ಹೆಸರಘಟ್ಟದ ಹುಲ್ಲು ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಇಲ್ಲಿ ಕುದುರೆ ಸಾಕಿದವರು ನಾಲ್ಕು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಮ್ಮ ಹತ್ತಿರ ತುಂಗಾ ಅಂತ ಒಂದು ಹೆಣ್ಣು ಕುದುರೆ ಇದ್ದಾಳೆ. ಥರೋಬ್ರೆಡ್, ಅಂದರೆ ರೇಸಿನ ತಳಿ. ವಯಸ್ಸು 23. ಚಿಕ್ಕವಳಿದ್ದಾಗ ರೇಸ್ ಓಡಿದವಳು, ಆಮೇಲೆ ಒಂದು ರೈಡಿಂಗ್ ಶಾಲೆಯಲ್ಲಿ ಮಕ್ಕಳನ್ನು ಹೊತ್ತಳು, ಅಲ್ಲಿ ಇನ್ನು ಕೈಲಾಗಲ್ಲ ಅಂದಾಗ ನಾನು ಹೆಸರಘಟ್ಟದ ಹತ್ತಿರ ಇರುವ ನಮ್ಮ ತೋಟಕ್ಕೆ ಕರೆತಂದೆ. ಒಂಬತ್ತು ವರ್ಷ ಆಯಿತು. ಈಗ ಕೆಲಸ ಅಂದರೆ ಭಾನುವಾರ ನನ್ನ ಮಗಳನ್ನು ಕೂರಿಸಿಕೊಂಡು ಎರಡು ಸುತ್ತು ನಡೆಯುವುದು, ಅಷ್ಟೇ.

ದೀಪಾವಳಿ ಆದ ಮೇಲೆ ಇಳಿಯಲು ಶುರು ಮಾಡಿದಳು. ಮೊದಲು ನನಗೆ ಗೊತ್ತಾಗಲಿಲ್ಲ, ದಿನಾ ನೋಡುವವರಿಗೆ ಗೊತ್ತಾಗುವುದಿಲ್ಲ ಅಲ್ವಾ. ಜೀನು ಬಿಗಿಯುವ ಪಟ್ಟಿ ಎರಡು ತೂತು ಒಳಗೆ ಹೋದಾಗ ಗಾಬರಿಯಾಯಿತು. ಈಗ ಪಕ್ಕೆಲುಬು ಎಣಿಸಬಹುದು. ಬೆನ್ನು ಮೂಳೆ ಎದ್ದಿದೆ, ಸೊಂಟದ ಎರಡೂ ಕಡೆ ಗುಳಿ ಬಿದ್ದಿದೆ. ಆದರೆ ಹೊಟ್ಟೆ ಮಾತ್ರ ಗುಂಡಗೆ ಜೋತುಬಿದ್ದಿದೆ. ಅದನ್ನು ನೋಡಿ ಬಂದವರೆಲ್ಲ "ಚೆನ್ನಾಗಿದೆ ಬಿಡಿ, ಹೊಟ್ಟೆ ತುಂಬಿದೆ" ಅನ್ನುತ್ತಾರೆ.

ಕೊಡುತ್ತಿರುವುದು ಇಷ್ಟು. ಬೆಳಿಗ್ಗೆ ಮತ್ತು ಸಂಜೆ ಸೇರಿ ಓಟ್ಸ್ 2 ಕೆಜಿ, ಬೇಯಿಸಿದ ಹುರುಳಿ 1 ಕೆಜಿ, ಗೋಧಿ ಬೂಸಾ ಒಂದೂವರೆ ಕೆಜಿ. ಹುಲ್ಲು ಅಂದರೆ ರಾಗಿ ಹುಲ್ಲು, ಜೊತೆಗೆ ನಮ್ಮದೇ ಬದುವಿನಲ್ಲಿ ಬೆಳೆದ ನೇಪಿಯರ್. ಇಳಿಯುತ್ತಿದ್ದಾಳೆ ಅಂತ ಓಟ್ಸ್ ಇನ್ನೂ ಅರ್ಧ ಕೆಜಿ ಜಾಸ್ತಿ ಮಾಡಿದೆ, ಏನೂ ಫಲ ಇಲ್ಲ. ಲದ್ದಿಯಲ್ಲಿ ಓಟ್ಸ್ ಕಾಳು ಹಾಗೇ ಇಡಿಯಾಗಿ ಬರುತ್ತಿದೆ.

ಒಬ್ಬ ಡಾಕ್ಟರನ್ನು ಕರೆಸಿದ್ದೆ. ದೂರದಿಂದಲೇ ನೋಡಿ ವಯಸ್ಸಾಯಿತು ಅಂದು ಒಂದು ಟಾನಿಕ್ ಬರೆದುಕೊಟ್ಟು ಹೋದರು. ಪಕ್ಕದ ತೋಟದವರು ನಮ್ಮ ಹಸುವಿನ ಫೀಡ್ ಹಾಕಿ ನೋಡಿ, ಒಂದೇ ತಿಂಗಳಲ್ಲಿ ಮೈ ತುಂಬುತ್ತದೆ ಅನ್ನುತ್ತಿದ್ದಾರೆ. ಮಾಡಲಾ?

ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಪ್ರತಿ ಸಂಕ್ರಾಂತಿಗೆ ಅವಳಿಗೆ ಒಂದು ಜಲ್ಲೆ ಕಬ್ಬು ಮೀಸಲು. ಕರಕರ ಅಂತ ಅಗಿದು ಮುಗಿಸುತ್ತಿದ್ದಳು. ಈ ಸಲ ಒಂದು ಗೆಣ್ಣು ಬಾಯಿಗೆ ತೆಗೆದುಕೊಂಡು, ತಲೆ ಓರೆ ಮಾಡಿ, ಕೆಳಗೆ ಬಿಟ್ಟುಬಿಟ್ಟಳು. ಅಮ್ಮ ಅದನ್ನು ನೋಡಿ "ಇವಳಿಗೂ ನನ್ನ ಹಾಗೇ ಆಯಿತು" ಅಂದು ಒಳಗೆ ಹೋದರು. ಅವತ್ತಿಂದ ಮನಸ್ಸಿಗೆ ಒಂಥರಾ.

ಕೋಲಾರದ ಹುರುಳಿ:

ಗುರುಗಳೇ, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ತಾತನ ಕಾಲದಲ್ಲಿ ಜಟಕಾ ಕುದುರೆಗೆ ಹುರುಳಿ ಬಿಟ್ಟರೆ ಬೇರೆ ಏನೂ ಗೊತ್ತಿರಲಿಲ್ಲ, ಬಂಡೆಯ ಹಾಗೆ ಇದ್ದವು. ಹುರುಳಿ 1 ಕೆಜಿ ಇರುವುದನ್ನು 3 ಕೆಜಿ ಮಾಡಿ, ಮೇಲೆ ಒಂದು ಹಿಡಿ ಬೆಲ್ಲ, ವಾರಕ್ಕೆರಡು ಸಲ ಕೋಳಿ ಮೊಟ್ಟೆ, ಸ್ವಲ್ಪ ತುಪ್ಪ. ಯುಗಾದಿ ಹೊತ್ತಿಗೆ ಮಿರಮಿರ ಮಿಂಚುತ್ತಾಳೆ ನೋಡಿ.

ಹಳೇ ಲಾಯ:

ಕೋಲಾರದವರೇ ಸ್ವಲ್ಪ ತಡೀರಿ. ತಾತನ ಕುದುರೆಗೆ 23 ವರ್ಷ ಆಗಿತ್ತಾ? ಹಲ್ಲು ಗಟ್ಟಿ ಇದ್ದ ಕುದುರೆಗೆ ಏನು ಹಾಕಿದರೂ ನಡೆಯುತ್ತದೆ.

ಹೆಸರಘಟ್ಟದವರೇ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದ ಕೊನೆಯಲ್ಲೇ ಇದೆ. ಕಬ್ಬು ಬಿಟ್ಟಳಲ್ಲ, ಅದೇ. ನಾನು 30 ವರ್ಷ ಲಾಯದಲ್ಲೇ ಕಳೆದವನು, ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳಾಗಿ ಶುರು ಮಾಡಿ ಕೊನೆಗೆ ಒಂದು ಲಾಯದ ಉಸ್ತುವಾರಿ ನೋಡಿಕೊಂಡವನು. ಮುದಿ ಕುದುರೆ ಇಳಿಯಿತು ಅಂದರೆ ನಾನು ಮೊದಲು ನೋಡುವುದು ಬಾಯಿ, ಆಮೇಲೆ ಲದ್ದಿ, ಬಕೆಟ್ಟು ಕೊನೆಗೆ. ಜನ ಮಾತ್ರ ಬಕೆಟ್ಟಿನಿಂದಲೇ ಶುರು ಮಾಡುತ್ತಾರೆ.

ಕುದುರೆಯ ಹಲ್ಲು ನಮ್ಮ ಹಲ್ಲಿನ ಹಾಗೆ ಅಲ್ಲ. ಜೀವನಪೂರ್ತಿ ಒಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ, ವರ್ಷಕ್ಕೆ 2ರಿಂದ 3 ಮಿಲಿಮೀಟರ್. ಅಗಿದು ಅಗಿದು ಅಷ್ಟೇ ಸವೆಯುತ್ತದೆ. ಒಳಗೆ ದಾಸ್ತಾನು ಇರುವವರೆಗೆ ಸರಿ. 20 ದಾಟಿದ ಮೇಲೆ ಆ ದಾಸ್ತಾನು ಖಾಲಿಯಾಗುತ್ತಾ ಬರುತ್ತದೆ, ಹಲ್ಲು ಅಲ್ಲಾಡುತ್ತದೆ, ಬೀಳುತ್ತದೆ, ಬಿದ್ದ ಹಲ್ಲಿನ ಎದುರಿನದು ಸವೆಯಲು ಜೋಡಿ ಇಲ್ಲದೆ ಉದ್ದ ಬೆಳೆದು ಒಸಡಿಗೆ ಚುಚ್ಚುತ್ತದೆ. ದವಡೆ ಹಲ್ಲು ಒಟ್ಟು 24, ಹಿಂದೆ ತುಂಬಾ ಒಳಗೆ ಇರುತ್ತವೆ. ಮುಂದಿನ ತುಟಿ ಎತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಾಯಿ ತೆರೆದಿಡುವ ಕಬ್ಬಿಣದ ಚೌಕಟ್ಟು ಹಾಕಿ, ಮಂಪರಿನ ಇಂಜೆಕ್ಷನ್ ಕೊಟ್ಟು, ಟಾರ್ಚ್ ಬಿಟ್ಟು ಕೈ ಹಾಕಿ ನೋಡಬೇಕು. ದೂರದಿಂದ ನೋಡಿ ಟಾನಿಕ್ ಬರೆದರು ಅಂದಿರಲ್ಲ, ಅದನ್ನು ಓದಿ ಸಿಟ್ಟು ಬಂತು.

ಡಾಕ್ಟರ್ ಬರುವುದರೊಳಗೆ ನೀವೇ ಎರಡು ಕೆಲಸ ಮಾಡಿ. ಒಂದು, ಅವಳು ಹುಲ್ಲು ತಿನ್ನುವಾಗ ಪಕ್ಕದಲ್ಲಿ ಕಾಲು ಗಂಟೆ ಸುಮ್ನೆ ಕೂತು ನೋಡಿ. ಅಗಿದು ಅಗಿದು ಹುಲ್ಲಿನ ಒದ್ದೆ ಉಂಡೆಯನ್ನು ಕೆಳಗೆ ಉಗುಳುತ್ತಾಳಾ? ಎರಡನೆಯದು, ಲದ್ದಿ ಒಂದು ಉಂಡೆ ಒಡೆದು ಹುಲ್ಲಿನ ಎಳೆ ಎಷ್ಟುದ್ದ ಇದೆ ನೋಡಿ. ಚೆನ್ನಾಗಿ ಅಗಿದಿದ್ದರೆ ಎಳೆ ಸಣ್ಣಗೆ ಇರುತ್ತದೆ. ಬೆರಳಿನ ಒಂದು ಗೆಣ್ಣಿಗಿಂತ ಉದ್ದ ಎಳೆಗಳು ತುಂಬಾ ಇದ್ದರೆ ಬಾಯಲ್ಲಿ ಅರೆಯುವ ಕೆಲಸ ಆಗುತ್ತಿಲ್ಲ ಅಂತ ಅರ್ಥ.

ಆಮೇಲೆ ತೂಕ. ಕಣ್ಣಳತೆ ನಂಬಬೇಡಿ. ಟೈಲರ್ ಟೇಪ್ ತಗೊಂಡು, ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ಅಳೆಯಿರಿ. ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಹಿಂದಿನ ಮೂಳೆವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಕೆಜಿ ಲೆಕ್ಕದಲ್ಲಿ ತೂಕ ಸಿಗುತ್ತದೆ. ಹತ್ತಿಪ್ಪತ್ತು ಕೆಜಿ ಆಚೀಚೆ ಇದ್ದರೂ ಪರವಾಗಿಲ್ಲ, ಪ್ರತಿ ಎರಡು ವಾರಕ್ಕೆ ಅದೇ ಟೇಪು, ಅದೇ ಜಾಗ, ಅದೇ ಹೊತ್ತು. ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದು ಮುಖ್ಯ.

ಹೊಟ್ಟೆ ಗುಂಡಗೆ ಇದೆ ಅನ್ನುವವರ ಮಾತು ಕೇಳಬೇಡಿ. ಅದು ಜೀರ್ಣವಾಗದ ಒರಟು ಹುಲ್ಲು ತುಂಬಿದ ಹೊಟ್ಟೆ, ಕೊಬ್ಬಲ್ಲ.

ಹೆಸರಘಟ್ಟದ ಹುಲ್ಲು:

ಹಳೇ ಲಾಯ ಸರ್, ನೀವು ಹೇಳಿದಂತೆ ಇವತ್ತು ಸಂಜೆ ಕೂತು ನೋಡಿದೆ. ಉಗುಳುತ್ತಾಳೆ! ಗೋಲಿಗಿಂತ ಸ್ವಲ್ಪ ದಪ್ಪ, ಉದ್ದುದ್ದ ಉಂಡೆಗಳು. ಇಷ್ಟು ದಿನ ನಾನು ಅದನ್ನು ಚೆಲ್ಲಿದ ಹುಲ್ಲು ಅಂದುಕೊಂಡು ಗುಡಿಸಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದೆ. ಲದ್ದಿಯಲ್ಲಿ ರಾಗಿ ಹುಲ್ಲಿನ ಎಳೆ ಎರಡು ಇಂಚು ಉದ್ದ ಇದೆ. ನಾಚಿಕೆ ಆಯಿತು ನನಗೆ.

ಸುತ್ತಳತೆ 170, ಉದ್ದ 158. ಲೆಕ್ಕ ಹಾಕಿದರೆ 384 ಕೆಜಿ. ಅವಳ ಎತ್ತರಕ್ಕೆ ಇದು ತುಂಬಾ ಕಡಿಮೆ ಅಲ್ವಾ?

ಡಾಕ್ಟರಮ್ಮ ಯಲಹಂಕ:

ಕಡಿಮೆಯೇ. ಆದರೆ ಸಂಖ್ಯೆಗಿಂತ ಮೈ ಮುಟ್ಟಿ ನೋಡುವುದು ಮೇಲು. 1983ರಲ್ಲಿ ಅಮೆರಿಕದ ಹೆನೆಕೆ ಅನ್ನುವವರು 1ರಿಂದ 9ರವರೆಗೆ ಅಂಕ ಕೊಡುವ ಒಂದು ಪದ್ಧತಿ ಮಾಡಿದರು, ಈಗ ತುಂಬಾ ಕಡೆ ಅದನ್ನೇ ಬಳಸುತ್ತೇವೆ. ಕತ್ತು, ಭುಜದ ಮೇಲಿನ ಗೂನು, ಭುಜದ ಹಿಂದೆ, ಪಕ್ಕೆಲುಬು, ಸೊಂಟ, ಬಾಲದ ಬುಡ, ಈ ಆರು ಜಾಗ ಕೈಯಿಂದ ಒತ್ತಿ ನೋಡುವುದು. 5 ಬಂದರೆ ಸರಿಯಾದ ಮೈಕಟ್ಟು. ನೀವು ಬರೆದಿರುವುದನ್ನು ಓದಿದರೆ ತುಂಗಾ 3ರ ಆಸುಪಾಸಿನಲ್ಲಿ ಇರಬೇಕು.

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು. ಈಗ ಹೊಟ್ಟೆಪಾಡಿಗೆ ಜಾಸ್ತಿ ನಾಯಿ ಬೆಕ್ಕು, ಮನಸ್ಸಿಗೆ ಕುದುರೆ. ಆದ್ದರಿಂದ ಕೆಲವು ಮಾತು.

ಮೊದಲು ಹಸುವಿನ ಫೀಡು. ದಯವಿಟ್ಟು ಬೇಡ. ಹಸು ಮತ್ತು ಕೋಳಿ ಆಹಾರದಲ್ಲಿ ಕೆಲವು ಸಲ ಮೊನೆನ್ಸಿನ್ ಅನ್ನುವ ಔಷಧ ಬೆರೆಸಿರುತ್ತಾರೆ. ಆ ಪ್ರಮಾಣದಲ್ಲಿ ಅವುಗಳಿಗೆ ಅದು ಏನೂ ಮಾಡುವುದಿಲ್ಲ, ಕುದುರೆಗೆ ವಿಷ. ಸ್ವಲ್ಪ ಹೋದರೂ ಹೃದಯದ ಸ್ನಾಯು ಹಾಳಾಗಿ ಸಾಯಬಹುದು, ಮದ್ದು ಇಲ್ಲ. ಚೀಲದ ಮೇಲೆ ಬರೆದಿಲ್ಲ ಅಂತ ಧೈರ್ಯ ಮಾಡಬೇಡಿ. ಪಕ್ಕದ ತೋಟದವರಿಗೂ ಹೇಳಿಬಿಡಿ, ಪ್ರೀತಿಯಿಂದ ಒಂದು ಹಿಡಿ ತಿನ್ನಿಸಿಬಿಡುತ್ತಾರೆ.

ಎರಡನೆಯದು ಬೂಸಾ ಮತ್ತು ನೇಪಿಯರ್. ಇವೆರಡೂ ಒಟ್ಟಿಗೆ ಇರುವುದನ್ನು ಓದಿ ನನಗೆ ಹಲ್ಲಿಗಿಂತ ಜಾಸ್ತಿ ಚಿಂತೆಯಾಯಿತು. ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಹತ್ತು ಪಟ್ಟು ಜಾಸ್ತಿ. ನೇಪಿಯರ್‌ನಲ್ಲಿ ಆಕ್ಸಲೇಟ್ ಇರುತ್ತದೆ, ಅದು ಇರುವ ಅಷ್ಟಿಷ್ಟು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತದೆ. ಹಸು ಎಮ್ಮೆಗೆ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಮೊದಲೇ ಒಡೆದುಬಿಡುತ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ಆಗ ಮೈ ಏನು ಮಾಡುತ್ತದೆ? ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ಮೂಳೆಯಿಂದಲೇ ಕಿತ್ತು ತೆಗೆಯುತ್ತದೆ. ದವಡೆ ಮೂಳೆ ಮೆತ್ತಗಾಗುತ್ತದೆ, ಮುಖ ಎರಡೂ ಕಡೆ ಊದಿದ ಹಾಗೆ ಕಾಣುತ್ತದೆ, ಕುಂಟುತ್ತದೆ, ಹಲ್ಲೂ ಸಡಿಲವಾಗುತ್ತದೆ. ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಬೂಸಾ ತಿಂದು ತಿಂದು ಇದೇ ಬರುತ್ತಿತ್ತು. ನಿಮ್ಮ ಕುದುರೆಗೆ ಇದೇ ಆಗಿದೆ ಅಂತ ಹೇಳುತ್ತಿಲ್ಲ, ಮುಖದ ಮೂಳೆ ಒಮ್ಮೆ ಸವರಿ ನೋಡಿ. ಆಗಿರಲಿ ಆಗದಿರಲಿ, ಬೂಸಾ ಒಂದೂವರೆ ಕೆಜಿ ಬೇಡ. ದಿನಕ್ಕೆ ಒಂದು ಹಿಡಿ ರುಚಿಗೆ ಸಾಕು. ನೇಪಿಯರ್ ಜಾಗಕ್ಕೆ ಲೂಸರ್ನ್, ಅದೇ ನಮ್ಮ ಕುದುರೆ ಮಸಾಲೆ ಸೊಪ್ಪು, ಮತ್ತು ಸಿಕ್ಕಿದರೆ ಗರಿಕೆ. ಲೂಸರ್ನ್‌ನಲ್ಲಿ ಕ್ಯಾಲ್ಸಿಯಂ ಧಾರಾಳ. ಆದರೆ ಒಮ್ಮೆ ಮೂತ್ರಪಿಂಡದ ಪರೀಕ್ಷೆ ಮಾಡಿಸಿ ಆಮೇಲೆ ಜಾಸ್ತಿ ಕೊಡಿ. ಮೂತ್ರಪಿಂಡ ಸೋತ ಮುದಿ ಕುದುರೆಗೆ ಅದೇ ಕ್ಯಾಲ್ಸಿಯಂ ಭಾರವಾಗುತ್ತದೆ.

ಹಲ್ಲು ಒಂದೇ ಕಾರಣ ಅಂತ ನಿಲ್ಲಿಸಬೇಡಿ. ರಕ್ತ ತೆಗೆಸಿ. ನಮ್ಮ ದೇಶದಲ್ಲಿ ಕುದುರೆ ಕಾರಣವಿಲ್ಲದೆ ಸೊರಗಿದರೆ ಸರ್ರಾ ರೋಗ ತಲೆಯಲ್ಲಿ ಇರಬೇಕು. ದನದ ನೊಣ ಕಚ್ಚಿ ಹರಡುವ ಪರಾವಲಂಬಿ ಅದು. ಜ್ವರ ಬಂದು ಹೋಗಿ ಮಾಡುತ್ತದೆ, ಹೊಟ್ಟೆಯ ಕೆಳಗೆ, ಕಾಲಲ್ಲಿ ನೀರು ತುಂಬಿದ ಊತ, ರಕ್ತಹೀನತೆ, ಚೆನ್ನಾಗಿ ತಿಂದರೂ ಮೈ ಇಳಿಯುತ್ತದೆ. ರಕ್ತ ಹೀರುವ ಉಣ್ಣೆ ಹುಳು ಕಚ್ಚಿ ಬರುವ ಬೇಬಿಸಿಯೋಸಿಸ್ ಅನ್ನುವ ರೋಗ ಕೂಡ ಹೀಗೇ. ಎರಡಕ್ಕೂ ರಕ್ತದ ಪರೀಕ್ಷೆ ಇದೆ. ವಾರಕ್ಕೆ ನಾಲ್ಕು ಸಲ ಸಂಜೆ ಹೊತ್ತು ಜ್ವರ ನೋಡಿ ಬರೆದಿಡಿ. ಕುದುರೆಗೆ ಸಾಮಾನ್ಯ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್.

ಲದ್ದಿಯನ್ನೂ ಪರೀಕ್ಷೆಗೆ ಕೊಡಿ, ಗ್ರಾಮಿಗೆ ಎಷ್ಟು ಹುಳುವಿನ ಮೊಟ್ಟೆ ಅಂತ ಎಣಿಸುತ್ತಾರೆ. ಎಣಿಸದೆ ಮೂರು ತಿಂಗಳಿಗೊಮ್ಮೆ ಹುಳುವಿನ ಔಷಧ ಸುರಿಯುವುದು ಹಳೇ ಅಭ್ಯಾಸ. ಅದರಿಂದ ಔಷಧಕ್ಕೆ ಬಗ್ಗದ ಹುಳು ಬೆಳೆದಿವೆ.

ಕೊನೆಯದಾಗಿ ಅವಳ ಕೂದಲು ಹೇಗಿದೆ? ಉದ್ದ, ಗುಂಗುರು, ಬಿಸಿಲು ಕಾಲ ಬಂದರೂ ಉದುರುವುದಿಲ್ಲವಾ? ನೀರು ಜಾಸ್ತಿ ಕುಡಿದು ಜಾಸ್ತಿ ಉಚ್ಚೆ ಹುಯ್ಯುತ್ತಾಳಾ? ಹಾಗಿದ್ದರೆ ಕುಶಿಂಗ್ ಅನ್ನುವ ಕಾಯಿಲೆ, ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯದು. 15 ದಾಟಿದ ಕುದುರೆಗಳಲ್ಲಿ ಸಾಕಷ್ಟು ಕಾಣುತ್ತದೆ. ಬೆನ್ನಿನ ಸ್ನಾಯು ಕರಗುತ್ತದೆ, ಹೊಟ್ಟೆ ಜೋಲುತ್ತದೆ, ಗೊರಸಿನೊಳಗೆ ಉರಿಯೂತ ಬರುತ್ತದೆ. ಅಂಥ ಕುದುರೆಗೆ ಬೆಲ್ಲ, ಓಟ್ಸ್ ಸುರಿದರೆ ಇಳಿದ ಮೈ ಬರುವುದಿರಲಿ, ಕಾಲೇ ಹೋಗುತ್ತದೆ. ಅದಕ್ಕೇ ಕೋಲಾರದವರ ಬೆಲ್ಲ ಈಗಲೇ ಬೇಡ.

ಕೋಲಾರದ ಹುರುಳಿ:

ಸರಿ ಮೇಡಂ, ಬೆಲ್ಲ ವಾಪಸ್ ತಗೊಂಡೆ. ಹುರುಳಿಯನ್ನಾದರೂ ಬಿಡಿ.

ಡಾಕ್ಟರಮ್ಮ ಯಲಹಂಕ:

ಹುರುಳಿಗೆ ನನ್ನ ತಕರಾರು ಇಲ್ಲ. ಪ್ರೋಟೀನ್ ಚೆನ್ನಾಗಿದೆ, ಮೆತ್ತಗೆ ಬೇಯಿಸಿದ್ದರೆ ಮುದಿ ಬಾಯಿಗೂ ಸರಿ. ಹಸಿಯದು ಬೇಡ, ಜೀರ್ಣಕ್ಕೆ ಅಡ್ಡಿ ಮಾಡುವ ಅಂಶ ಅದರಲ್ಲಿದೆ, ಬೇಯಿಸಿದರೆ ಹೋಗುತ್ತದೆ. ಆದರೆ 1 ಕೆಜಿ ಇರಲಿ, 3 ಬೇಡ. ಕುದುರೆಯ ಜಠರ ಮೈಗೆ ಹೋಲಿಸಿದರೆ ತುಂಬಾ ಚಿಕ್ಕದು. ಅವಳ ತೂಕಕ್ಕೆ ಒಂದು ಹೊತ್ತಿಗೆ ಎಲ್ಲ ಕಾಳು ಸೇರಿ 2 ಕೆಜಿ ದಾಟಬಾರದು, ಅರ್ಧ ಹಾಕಿದರೆ ಇನ್ನೂ ಒಳ್ಳೆಯದು. ಜಾಸ್ತಿಯಾದದ್ದು ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ. ಆಮೇಲೆ ಹೊಟ್ಟೆನೋವು, ಇಲ್ಲವೇ ಗೊರಸಿನ ತೊಂದರೆ.

ಮುದಿ ಪೋನಿ ಅಮ್ಮ:

ಹೆಸರಘಟ್ಟದ ಅಣ್ಣಾ, ನಮ್ಮ ಮನೆಯ ಪೋನಿ 31 ವರ್ಷಕ್ಕೆ ಹೋದ, ಕೊನೆಯ ಐದು ವರ್ಷ ಬಾಯಲ್ಲಿ ಅರ್ಧ ಹಲ್ಲೂ ಇರಲಿಲ್ಲ. ಹೇಗೆ ತಿನ್ನಿಸಿದೆ ಅಂತ ಹೇಳುತ್ತೇನೆ, ಡಾಕ್ಟರಮ್ಮ ತಪ್ಪಿದ್ದರೆ ತಿದ್ದಿ.

ಹುಲ್ಲು ಅಗಿಯಲು ಆಗದವನಿಗೆ ಹುಲ್ಲಿನ ಬದಲು ಕಾಳು ಹಾಕುವುದೇ ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೆ. ಕುದುರೆಗೆ ಬೇಕಾದದ್ದು ನಾರು, ಅದನ್ನೇ ಅಗಿಯದೆ ನುಂಗುವ ಹಾಗೆ ಮಾಡಿಕೊಡಬೇಕು. ಒಣಗಿಸಿದ ಲೂಸರ್ನ್ ಪೆಲೆಟ್, ಅಂದರೆ ಒತ್ತಿ ಮಾಡಿದ ಗಟ್ಟಿ ಗುಳಿಗೆ, ತರುತ್ತಿದ್ದೆ. ಒಂದು ಪಾಲು ಪೆಲೆಟ್‌ಗೆ ಎರಡು ಮೂರು ಪಾಲು ನೀರು. ಬಿಸಿನೀರಾದರೆ ಅರ್ಧ ಗಂಟೆ, ತಣ್ಣೀರಾದರೆ ಎರಡು ಗಂಟೆ. ಉಪ್ಪಿಟ್ಟು ಸ್ವಲ್ಪ ನೀರಾದರೆ ಹೇಗಿರುತ್ತದೆ, ಆ ಹದ. ಬೆರಳಿನಿಂದ ಹಿಸುಕಿದರೆ ಒಳಗೆ ಒಂದೂ ಗಟ್ಟಿ ಸಿಗಬಾರದು. ಒಮ್ಮೆ ಅವಸರದಲ್ಲಿ ಅರೆ ನೆನೆದದ್ದನ್ನು ಇಟ್ಟುಬಿಟ್ಟೆ, ಅನ್ನನಾಳದಲ್ಲಿ ಸಿಕ್ಕಿಕೊಂಡು ಮೂಗಿನಿಂದೆಲ್ಲ ಹಸಿರು ನೀರು ಬಂತು, ಕತ್ತು ಚಾಚಿ ಒದ್ದಾಡಿದ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ ನೋಡಿ. ಡಾಕ್ಟರ್ ಬಂದು ನಳಿಗೆ ಹಾಕಿ ತೆಗೆಯುವ ಹೊತ್ತಿಗೆ ನಾನು ಅತ್ತು ಮುಗಿಸಿದ್ದೆ. ಅವತ್ತಿನಿಂದ ಗಡಿಯಾರ ನೋಡಿಯೇ ನೆನೆಸುತ್ತಿದ್ದೆ.

ಹುಲ್ಲು ಪೂರ್ತಿ ನಿಂತ ಕುದುರೆಗೆ ದಿನಕ್ಕೆ ಒಣ ತೂಕದಲ್ಲಿ ಮೈತೂಕದ ನೂರಕ್ಕೆ ಒಂದೂವರೆ ಪಾಲಾದರೂ ಇಂಥ ಮೇವು ಬೇಕು. ನಿಮ್ಮ ತುಂಗಾಗೆ ಅಂದರೆ 6 ಕೆಜಿ. ಎರಡು ಹೊತ್ತಿಗೆ ಅಷ್ಟು ಆಗುವುದಿಲ್ಲ, ನಾಲ್ಕು ಐದು ಹೊತ್ತು ಮಾಡಿ. ಬೆಳಿಗ್ಗೆ 6ಕ್ಕೆ, 10ಕ್ಕೆ, 2ಕ್ಕೆ, ಸಂಜೆ 6ಕ್ಕೆ, ಮಲಗುವ ಮುಂಚೆ ಒಂದು. ಕಷ್ಟ ಅಂತ ಗೊತ್ತು. ನಾನು ಕೆಲಸಕ್ಕೆ ಹೋಗುವವಳು, ಮಧ್ಯಾಹ್ನದ್ದನ್ನು ಎದುರು ಮನೆ ಹುಡುಗ ಹಾಕುತ್ತಿದ್ದ, ಅವನಿಗೆ ತಿಂಗಳಿಗೆ ಸ್ವಲ್ಪ ಕೊಡುತ್ತಿದ್ದೆ. ಬೇಸಿಗೆಯಲ್ಲಿ ನೆನೆಸಿದ್ದು ಬೇಗ ಹುಳಿಯುತ್ತದೆ, ಒಟ್ಟಿಗೆ ಕಲಸಿ ಇಡಬೇಡಿ. ಮಿಕ್ಕಿದ್ದನ್ನು ಎಸೆದು ಬಕೆಟ್ ತೊಳೆಯಿರಿ. ಮೂಗು ಸೂಕ್ಷ್ಮ ಅವಕ್ಕೆ, ನಿನ್ನೆಯ ವಾಸನೆ ಬಂದರೆ ಮೂತಿಯೇ ಹಾಕುವುದಿಲ್ಲ.

ಮೈ ತುಂಬಲು ನಾನು ಕಂಡುಕೊಂಡದ್ದು ಎಣ್ಣೆ. ತುಪ್ಪ ಅಲ್ಲ ಕೋಲಾರದವರೇ, ಅಡುಗೆಯ ಸೂರ್ಯಕಾಂತಿ ಎಣ್ಣೆ, ಸಿಕ್ಕರೆ ಅಗಸೆ ಎಣ್ಣೆ. ತೂಕಕ್ಕೆ ತೂಕ ಓಟ್ಸ್‌ಗಿಂತ ಎರಡೂವರೆ ಪಟ್ಟು ಶಕ್ತಿ, ಕುದುರೆ ಅದರಿಂದ ಕೆರಳುವುದೂ ಇಲ್ಲ. ಮೊದಲ ದಿನ ಎರಡು ಚಮಚ, ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಿ ದಿನಕ್ಕೆ ಒಂದು ಲೋಟದವರೆಗೆ, ಎರಡು ಮೂರು ಹೊತ್ತಿಗೆ ಹಂಚಿ. ಒಮ್ಮೆಲೇ ಹಾಕಿದರೆ ಲದ್ದಿ ಸಡಿಲ. ಎಣ್ಣೆ ಹಾಕುವಾಗ ವಿಟಮಿನ್ ಇ ಜೊತೆಗೆ ಬೇಕು ಅಂತ ನಮ್ಮ ಡಾಕ್ಟರ್ ಹೇಳಿದ್ದರು. ಉಪ್ಪು ದಿನಕ್ಕೆ ಎರಡು ಚಮಚ, ಮಾಮೂಲಿ ಅಡುಗೆ ಉಪ್ಪು. ಉಪ್ಪು ತಿಂದರೆ ನೀರು ಕುಡಿಯುತ್ತಾರೆ, ನೀರು ಕುಡಿದರೆ ಕರುಳು ಕಟ್ಟುವುದಿಲ್ಲ.

ಎಲ್ಲ ಬದಲಾವಣೆಯೂ ಹತ್ತು ಹದಿನೈದು ದಿನ ಎಳೆದು ಮಾಡಿ. ನಾಳೆಯಿಂದಲೇ ಎಲ್ಲ ಹೊಸದು ಅಂತ ಹೊರಟರೆ ಹೊಟ್ಟೆನೋವು ಖಂಡಿತ. ರಾಗಿ ಹುಲ್ಲು ಸ್ವಲ್ಪ ಮುಂದೆ ಇರಲಿ, ಬಾಯಾಡಿಸಲು. ಆದರೆ ಉಗುಳುತ್ತಲೇ ಇದ್ದರೆ ಬಿಟ್ಟುಬಿಡಿ, ಅರೆಬರೆ ಅಗಿದ ಒರಟು ಹುಲ್ಲು ಒಳಗೆ ಹೋದರೂ ಕರುಳಲ್ಲಿ ಗಂಟು ಕಟ್ಟುತ್ತದೆ.

ರಾತ್ರಿ ಚಳಿಗೆ ಏನಾದರೂ ಹೊದಿಸುತ್ತೀರಾ? ಹೆಸರಘಟ್ಟ ಬಯಲು, ಜನವರಿಯಲ್ಲಿ ಗಾಳಿ ಕೊರೆಯುತ್ತದೆ. ಸಣಕಲು ಕುದುರೆ ಮೈ ಬಿಸಿ ಇಟ್ಟುಕೊಳ್ಳಲೇ ತಿಂದದ್ದನ್ನು ಸುಡುತ್ತದೆ. ನಾನು ಹಳೇ ಕರಿ ಕಂಬಳಿಗೆ ಕೆಳಗೆ ಗೋಣಿತಾಟು ಹೊಲಿದು ಹೊದಿಸುತ್ತಿದ್ದೆ.

ಹಳೇ ಲಾಯ:

ಅಮ್ಮಾ, ಹದ ಚೆನ್ನಾಗಿ ಹೇಳಿದಿರಿ. ಒಂದೇ ಮಾತು ಸೇರಿಸುತ್ತೇನೆ. ಜೊತೆಯಲ್ಲಿ ಬೇರೆ ಪ್ರಾಣಿ ಇದ್ದರೆ ಬೇರೆ ಕಟ್ಟಿ ತಿನ್ನಿಸಿ. ಮುದಿ ಕುದುರೆ ನಿಧಾನ, ಒಂದು ಬಕೆಟ್‌ಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಎಷ್ಟೋ ಕಡೆ ನೋಡಿದ್ದೇನೆ, ಯಜಮಾನ ಹಾಕಿದ್ದೆಲ್ಲ ಪಕ್ಕದ ಮರಿಯ ಹೊಟ್ಟೆಗೆ.

ಹೆಸರಘಟ್ಟದ ಹುಲ್ಲು:

ಎಲ್ಲರಿಗೂ ಸಾಷ್ಟಾಂಗ. ಕೂದಲು ನುಣುಪಾಗಿಯೇ ಇದೆ, ನೀರು ಮಾಮೂಲಿ. ಮುಖದ ಮೂಳೆ ಸಮ ಇದೆ ಅನ್ನಿಸುತ್ತದೆ, ಆದರೆ ನನ್ನ ಕೈಗೆ ಏನು ಗೊತ್ತು. ಕುದುರೆ ಹಲ್ಲು ನೋಡುವ ಡಾಕ್ಟರ್ ಒಬ್ಬರು ಮುಂದಿನ ವಾರ ಬರುತ್ತಾರೆ. ಬೂಸಾ ನಾಳೆಯಿಂದ ಇಳಿಸುತ್ತೇನೆ. ತುಂಗಾ ಜೊತೆ ಒಂದು ಮೇಕೆ ಇದೆ ಹಳೇ ಲಾಯ ಸರ್, ಕಳ್ಳಿ, ಬಕೆಟ್‌ಗೆ ತಲೆ ಹಾಕುತ್ತದೆ. ಅದಕ್ಕೇ ಇರಬೇಕು ಮೇಕೆ ಮಾತ್ರ ಡೋಲಿನ ಹಾಗಿದೆ.

ಹೆಸರಘಟ್ಟದ ಹುಲ್ಲು (ಯುಗಾದಿ ಮಾರನೇ ದಿನ):

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಏನಾಯಿತು ಅಂತ ಕೇಳಿ ಇಬ್ಬರು ಮೂವರು ಮೆಸೇಜ್ ಮಾಡಿದ್ದಿರಿ.

ಮಂಪರು ಕೊಟ್ಟು ಬಾಯಿ ತೆರೆದಾಗ ನನಗೂ ಟಾರ್ಚ್ ಹಿಡಿದು ತೋರಿಸಿದರು. ಎಡಗಡೆ ಕೆಳಗಿನ ಒಂದು ದವಡೆ ಹಲ್ಲು ಬೆರಳಲ್ಲಿ ಮುಟ್ಟಿದರೆ ಅಲ್ಲಾಡುತ್ತಿತ್ತು, ಸುತ್ತ ಹುಲ್ಲು ಸಿಕ್ಕಿಕೊಂಡು ಕೊಳೆತು ನಾತ. ಅದರ ಎದುರಿನ ಮೇಲಿನ ಹಲ್ಲು ಉದ್ದ ಬೆಳೆದಿತ್ತು. ಹೊರ ಅಂಚುಗಳು ಚೂಪಾಗಿ ಕೆನ್ನೆಯ ಒಳಗೆ ಎರಡು ಹುಣ್ಣು. ಇಷ್ಟಿದ್ದೂ ಒಂದು ದಿನ ಕಚ್ಚಲಿಲ್ಲ ಅವಳು, ಒಂದು ದಿನ ಮುನಿಯಲಿಲ್ಲ. ಸಡಿಲ ಹಲ್ಲು ಕಿತ್ತರು, ಚೂಪು ಉಜ್ಜಿದರು. ಉದ್ದದ ಹಲ್ಲನ್ನು ಒಂದೇ ಸಲ ಪೂರ್ತಿ ಇಳಿಸಿದರೆ ಒಳಗಿನ ಜೀವ ಇರುವ ಭಾಗ ತೆರೆದುಕೊಳ್ಳುತ್ತದೆ ಅಂತ ಸ್ವಲ್ಪ ಮಾತ್ರ ಇಳಿಸಿ, ಮಿಕ್ಕಿದ್ದು ಮುಂದಿನ ಸಲಕ್ಕೆ ಇಟ್ಟಿದ್ದಾರೆ. ಮುದಿ ಹಲ್ಲನ್ನು ಎಳೆಯ ಹಲ್ಲಿನಂತೆ ಸಮ ಮಾಡಲು ಹೋಗಬಾರದು, ಇರುವಷ್ಟರಲ್ಲಿ ನೋವಿಲ್ಲದ ಹಾಗೆ ಮಾಡಬೇಕು ಅಂದರು.

ರಕ್ತದಲ್ಲಿ ಸರ್ರಾ ಇಲ್ಲ. ಸ್ವಲ್ಪ ರಕ್ತಹೀನತೆ. ಮೂತ್ರಪಿಂಡ ಸರಿ ಇದೆ. ಲದ್ದಿಯಲ್ಲಿ ಹುಳುವಿನ ಮೊಟ್ಟೆ ಜಾಸ್ತಿ ಇತ್ತು, ಟೇಪಿನ ತೂಕ ಹೇಳಿದ್ದಕ್ಕೆ ಅದರ ಲೆಕ್ಕಕ್ಕೇ ಔಷಧ ಕೊಟ್ಟರು. ಕುಶಿಂಗ್ ಲಕ್ಷಣ ಸದ್ಯಕ್ಕೆ ಇಲ್ಲ, ಕೂದಲಿನ ಮೇಲೆ ಕಣ್ಣಿಡಿ ಅಂದಿದ್ದಾರೆ.

ಮೇವು ಈಗ ಪೋನಿ ಅಮ್ಮ ಹೇಳಿದ ಹಾಗೇ. ನೆನೆಸಿದ ಲೂಸರ್ನ್ ನಾಲ್ಕು ಹೊತ್ತು, ಬೆಂದ ಹುರುಳಿ 1 ಕೆಜಿ, ಓಟ್ಸ್ ಅನ್ನು ಅರೆದು 1 ಕೆಜಿ ಮಾತ್ರ, ಎಣ್ಣೆ ದಿನಕ್ಕೆ 200 ಮಿಲಿ. ಮೊದಲ ಹತ್ತು ದಿನ ಏನೂ ಕಾಣಲಿಲ್ಲ, ನಿಜ ಹೇಳುತ್ತೇನೆ, ಸಿಟ್ಟು ಬಂದು ಓಟ್ಸ್ ಡಬ್ಬಿಗೆ ಕೈ ಹಾಕಿದ್ದೆ, ಹೆಂಡತಿ ತಡೆದಳು. ಆಮೇಲೆ ನಿಧಾನವಾಗಿ ಏರಿತು. ನಿನ್ನೆ ಸುತ್ತಳತೆ 174 ಬಂತು. 402 ಕೆಜಿ! ಪಕ್ಕೆಲುಬು ಇನ್ನೂ ಕಾಣುತ್ತದೆ, ಆದರೆ ಎಣಿಸಲು ಹತ್ತಿರ ಹೋಗಬೇಕು. ಬೆನ್ನಿನ ಸ್ನಾಯು ಮಾತ್ರ ಇನ್ನೂ ಬಂದಿಲ್ಲ, ಅದಕ್ಕೆ ದಿನಾ ಅರ್ಧ ಗಂಟೆ ಕೈಹಿಡಿದು ಏರು ದಾರಿಯಲ್ಲಿ ನಡೆಸುತ್ತಿದ್ದೇನೆ.

ನಿನ್ನೆ ಹಬ್ಬಕ್ಕೆ ಅಮ್ಮ ಹೋಳಿಗೆ ತಂದು ನಿಂತಿದ್ದರು. ಬೇಡ ಅಂತ ನಾನು, ಚೂರು ಅಂತ ಅವರು. ಚೂರು ಹೋಯಿತು ಒಳಗೆ, ಡಾಕ್ಟರಮ್ಮ ಬೈಯಬೇಡಿ.

ಒಂದು ಸಮಸ್ಯೆ ಉಳಿದಿದೆ. ಪೆಲೆಟ್ ಖರ್ಚು ಕೈ ಕಚ್ಚುತ್ತಿದೆ, ತಿಂಗಳಿಗೆ ನೂರೈವತ್ತು ಕೆಜಿ ಮೇಲೆ ಹೋಗುತ್ತಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಯಾರಾದರೂ ಲೂಸರ್ನ್ ಬೆಳೆದು ಒಣಗಿಸಿ ಕೊಡುವವರು ಇದ್ದಾರಾ? ಮಳೆ ಶುರುವಾಗುವ ಮುಂಚೆ ಸ್ವಲ್ಪ ದಾಸ್ತಾನು ಮಾಡಬೇಕು.

ಡಾಕ್ಟರಮ್ಮ ಯಲಹಂಕ:

ಹೋಳಿಗೆ ನೋಡಲಿಲ್ಲ ಅಂದುಕೊಳ್ಳುತ್ತೇನೆ. ಎರಡು ತಿಂಗಳಲ್ಲಿ 18 ಕೆಜಿ ಒಳ್ಳೆಯ ವೇಗ, ಇದಕ್ಕಿಂತ ಅವಸರ ಬೇಡ. ಒಣ ಲೂಸರ್ನ್ ಕೊಳ್ಳುವಾಗ ಕಂತೆಯ ಒಳಗೆ ಕೈ ಹಾಕಿ ಮೂಸಿ ನೋಡಿ. ಬೂಷ್ಟು ವಾಸನೆ, ಬಿಳಿ ಪುಡಿ ಇದ್ದರೆ ಬಿಟ್ಟಿ ಕೊಟ್ಟರೂ ಬೇಡ. ಎಲೆ ಉದುರಿ ಬರೀ ಕಡ್ಡಿ ಉಳಿದಿದ್ದರೂ ಬೇಡ, ಸತ್ವ ಎಲ್ಲ ಎಲೆಯಲ್ಲೇ. ಮನೆಯಲ್ಲೇ ಸಣ್ಣಗೆ ಕತ್ತರಿಸಿ ನೆನೆಸಿ ಕೊಡಬಹುದು, ಆದರೆ ಉಗುಳುತ್ತಾಳಾ ಅಂತ ಮೊದಲ ವಾರ ಕೂತು ನೋಡಿ. ಹಲ್ಲಿನ ಡಾಕ್ಟರನ್ನು ಆರು ತಿಂಗಳಿಗೆ ಮತ್ತೆ ಕರೆಸಿ.

ಕೋಲಾರದ ಹುರುಳಿ:

ದೊಡ್ಡಬಳ್ಳಾಪುರ ಯಾಕೆ ಗುರುಗಳೇ, ನಮ್ಮ ಹಸುಗಳಿಗೆ ಅಂತ ಅರ್ಧ ಎಕರೆ ಕುದುರೆ ಮಸಾಲೆ ಹಾಕಿದ್ದೇನೆ, ಬೋರ್ ನೀರು ಚೆನ್ನಾಗಿದೆ, ತಿಂಗಳಿಗೊಂದು ಕೊಯ್ಲು ಬರುತ್ತದೆ. ಎಲೆ ಉದುರದ ಹಾಗೆ ನೆರಳಲ್ಲಿ ಒಣಗಿಸಿ ಕೊಡುತ್ತೇನೆ, ಗಾಡಿ ಬಾಡಿಗೆ ನಿಮ್ಮದು. ಚೀಲದ ತಳದಲ್ಲಿ ಒಂದೆರಡು ಸೇರು ಹುರುಳಿ ಸಿಕ್ಕರೆ ಅದು ಅಮ್ಮನಿಗೆ, ಸಾರು ಮಾಡಿಕೊಳ್ಳಲಿ.